ದುಲ್ಸಿನಾ ಡಾಕ್ಟರ ಮರದ ತುತ್ತೂರಿ

ನಾನು ಮರದ ತುತ್ತೂರಿ. ಊದುವುದಕ್ಕಲ್ಲ, ಕೇಳುವುದಕ್ಕೆ. ನನ್ನ ಅಗಲವಾದ ಬಾಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಚಪ್ಪಟೆಯಾದ ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ನನಗೊಂದು ಇಂಗ್ಲಿಷ್ ಹೆಸರಿದೆಯಂತೆ. ನಮ್ಮ ಕಡೆಯ ಹೆಂಗಸರು ‘ಡಾಕ್ಟರಬಾಯಿ ತುತ್ತೂರಿ’ ಎಂದರು, ಅದೇ ನಿಂತಿತು. ನನ್ನ ಎತ್ತರ ಒಂದು ಗೇಣು. ನಡುವೆ ಆರಪಾರ ತೂತು. ಒಳಗೆ ಏನೂ ಇಲ್ಲವೆಂದು ಯಾರಾದರೂ ಆಡಿಕೊಂಡರೆ ನನಗೆ ಬೇಸರವಿಲ್ಲ. ಖಾಲಿ ಇದ್ದರೆ ತಾನೆ ಇನ್ನೊಬ್ಬರ ಸದ್ದಿಗೆ ಜಾಗ?

ಹಳಿಯಾಳದ ಪೇಟೆಯ ಹಿಂದಿನ ಓಣಿಯಲ್ಲಿ ಮೌನೇಶ ಬಡಿಗೇರ ಎಂಬವನಿದ್ದ. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗೆ ಕಡೆಯುವುದು ಅವನ ಕಸುಬು. ಒಂದು ದಿನ ಮಿಷನ್ ದವಾಖಾನೆಯ ಸಿಸ್ಟರ್ ಬೆನೆದಿಕ್ತಾ ಹುಳ ತಿಂದ ಹಳೆಯ ಕೊಳವೆಯೊಂದನ್ನು ತಂದು ಅವನ ಮುಂದಿಟ್ಟು, ಇಂಥದೇ ಇನ್ನೊಂದು ಬೇಕು ಎಂದರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಊದೂದೋ ಬಾರಸೂದೋ ಸಿಸ್ಟರ್?” ಎಂದು ಕೇಳಿದ. ತೊಟ್ಟಿಲಿಗೆಂದು ತಂದ ಸಾಗುವಾನಿಯಲ್ಲಿ ಉಳಿದ ತುಂಡಿನಿಂದ ನನ್ನನ್ನು ಕಡೆದ. ಒಯ್ಯಲು ಬಂದ ಸಿಸ್ಟರ್ ಮೊದಲು ನನ್ನನ್ನು ಅವನ ಹೆಂಡತಿಯ ಆರು ತಿಂಗಳ ಹೊಟ್ಟೆಯ ಮೇಲಿಟ್ಟು, “ಬಾ, ಕೇಳು” ಎಂದು ಅವನನ್ನೇ ಕರೆದರು. ಮೌನೇಶ ಕಿವಿ ಹಚ್ಚಿದ. ಬಹಳ ಹೊತ್ತು ತೆಗೆಯಲಿಲ್ಲ. ಆ ದಿನ ಅವನು ಮತ್ತೆ ಕೆಲಸಕ್ಕೆ ಕೂರಲಿಲ್ಲ. ನಾನು ಮೊದಲು ಕೇಳಿದ ಎದೆ ಅದು, ನನ್ನನ್ನು ಮಾಡಿದವನ ಮಗಳದು. ಇಂಥ ಭಾಗ್ಯ ಎಷ್ಟು ವಸ್ತುಗಳಿಗಿರುತ್ತದೆ ಹೇಳಿ.

ಸಿಸ್ಟರ್ ನನ್ನನ್ನು ಚೀಲದಲ್ಲಿಟ್ಟುಕೊಂಡು ಸಿದ್ದಿಗಳ ಕೇರಿಗೆ ಹೋಗುತ್ತಿದ್ದರು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಜನ. ಒಡೆಯರಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದವರ ಮಕ್ಕಳು ಮೊಮ್ಮಕ್ಕಳು. ಗುಂಗುರು ಕೂದಲು, ಕಡುಗಪ್ಪು ಮೈ, ಹಬ್ಬ ಬಂದರೆ ಡಮಾಮಿ ಎಂಬ ಚರ್ಮದ ವಾದ್ಯ ಮತ್ತು ರಾತ್ರಿಯಿಡೀ ಕುಣಿತ. ಆ ಕೇರಿಯ ಸೂಲಗಿತ್ತಿ ಇನಾಸಿನ್ ಆಜಿ. ಸಿಸ್ಟರ್ ನನ್ನನ್ನು ಅವಳ ಕೈಗೆ ಕೊಡಹೋದರೆ ಅವಳು ಮುಟ್ಟಲೂ ಇಲ್ಲ.

“ದೇವ್ರು ನಂಗ ಎರಡು ಕಿವಿ ಕೊಟ್ಟಾನಲ್ಲ. ಮೂರನೇದ್ದು ಯಾಕ?” ಎಂದಳು.

ನನಗೆ ಸಿಟ್ಟು ಬಂದದ್ದು ನಿಜ. ಅವಳ ಕೆಲಸ ನೋಡಿದ ಮೇಲೆ ತೆಪ್ಪಗಾದೆ. ಆಜಿ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಳು. ಆಮೇಲೆ ಬರಿಯ ಕಿವಿಯನ್ನು ಹೊಟ್ಟೆಗೆ ಹಚ್ಚಿ, ಕೇಳಿದ ಬಡಿತವನ್ನು ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ಬಾರಿಸಿ ತೋರಿಸುವಳು. “ನೋಡವಾ, ನಿನ್ನ ಕೂಸು ಹಿಂಗ ಬಾರಸಾಕತ್ತೈತಿ.” ನೋವಿನಲ್ಲಿ ಹಲ್ಲು ಕಚ್ಚಿದ ಹೆಂಗಸೂ ಆ ಸದ್ದಿಗೆ ನಗುತ್ತಿದ್ದಳು. ಹೊಟ್ಟೆಯಲ್ಲಿ ಎರಡಿದ್ದರೆ ಆಜಿ ಎರಡೂ ಕೈಯಿಂದ ಬಾರಿಸುವಳು, ಒಂದೊಂದು ಕೈಯದು ಒಂದೊಂದು ಓಟ. ಯಾವ ಹೊಟ್ಟೆಯಾದರೂ ಸರಿ, ಮೂರು ಕಡೆ ಕಿವಿಯಿಡದೆ ಏಳುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಹೇಳುತ್ತಿದ್ದಳು: “ಒಂದು ಬಾಗಲಾ ಬಡದು ಮನ್ಯಾಗ ಯಾರೂ ಇಲ್ಲ ಅನಬಾರದು ಮಗಾ. ಹಿತ್ತಲ ಬಾಗಲಾನೂ ಬಡೀಬೇಕು, ಕಿಡಕೀನೂ ಬಡೀಬೇಕು.”

ಆ ಮೊಮ್ಮಗಳೇ ದುಲ್ಸಿನಾ, ಡಮಾಮಿ ಬಾರಿಸುವ ಸಾಂತಾನನ ಮಗಳು. ಒಂಬತ್ತು ವರ್ಷ. ಆಜಿ ಬೇಡವೆಂದ ನನ್ನನ್ನು ಎತ್ತಿಕೊಂಡು ಮೊದಲು ಊದಿ ನೋಡಿದಳು. ಸದ್ದು ಬರಲಿಲ್ಲ. ಆಮೇಲೆ ಹಂದಿಮರಿಯ ಹೊಟ್ಟೆಗೆ, ಕೋಳಿಗೆ, ಮಲಗಿದ ಅಪ್ಪನ ಬೆನ್ನಿಗೆ, ಸಿಕ್ಕಿದ್ದಕ್ಕೆಲ್ಲ ಹಚ್ಚಿ ಕೇಳಿದಳು. ಕೇಳಿದ್ದನ್ನೆಲ್ಲ ಬೆರಳಿನಿಂದ ಬಾರಿಸಿದಳು. ಒಮ್ಮೆಯೂ ಓಟ ತಪ್ಪಲಿಲ್ಲ. ಸಿಸ್ಟರ್ ಅದನ್ನು ನೋಡಿದರು. ಅವಳ ಶಾಲೆ ಬಿಡಿಸಲು ಸಾಂತಾನ ಎರಡು ಸಲ ಹೊರಟಾಗ ಎರಡು ಸಲವೂ ಅವನ ಮನೆಗೆ ಹೋಗಿ ಕೂತರು. ಕೊನೆಗೆ ಅವಳು ಡಾಕ್ಟರಿಕೆ ಓದಲು ಹೊರಟ ದಿನ ನನ್ನನ್ನು ಅವಳ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟರು. ಸಿದ್ದಿ ಕೇರಿಯಿಂದ ಡಾಕ್ಟರಾಗಲು ಹೊರಟ ಮೊದಲ ಜೀವ ಅದು. ಬಸ್ಸಿನವರೆಗೆ ಕೇರಿಯೆಲ್ಲ ಡಮಾಮಿ ಬಾರಿಸುತ್ತ ಬಂತು. ನನಗೇ ಎದೆಯಿದ್ದಿದ್ದರೆ ಅಂದು ಒಡೆಯುತ್ತಿತ್ತು.

ಕಾಲೇಜಿನ ಹೆಸರು ಬೇಡ, ಅಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ. ಹಾಸ್ಟೆಲಿನಲ್ಲಿ ಮೊದಲ ದಿನ ಅವಳನ್ನು ಅಡುಗೆಮನೆಯ ಕೆಲಸಕ್ಕೆ ಬಂದವಳೆಂದು ಹಿಂದಿನ ಬಾಗಿಲಿಗೆ ಕಳಿಸಿದರು. ಆಫ್ರಿಕಾದಿಂದ ಯಾವಾಗ ಬಂದೆ ಎಂದು ಜೊತೆಯವಳೊಬ್ಬಳು ಕೇಳಿದಳು. “ಹಳಿಯಾಳದಿಂದ ಬಂದೆ. ಮುಂಜಾನೆ ಏಳರ ಬಸ್ಸಿಗೆ” ಎಂದಳು ದುಲ್ಸಿನಾ. ನಾಲಿಗೆ ಚುರುಕು. ಆದರೆ ಎಲ್ಲ ಮಾತಿಗೂ ನಾಲಿಗೆ ಸಾಕಾಗುವುದಿಲ್ಲ.

ಹೆರಿಗೆ ವಾರ್ಡಿನಲ್ಲಿ ಒಂದು ದಿನ ಪ್ರೊಫೆಸರರು ಎಲ್ಲರಿಂದ ಬಡಿತದ ಎಣಿಕೆ ಮಾಡಿಸುತ್ತಿದ್ದರು. ದುಲ್ಸಿನಾ ನನ್ನನ್ನಿಟ್ಟು ಕಿವಿ ಹಚ್ಚಿದಳು. ಅವಳ ಬೆರಳು ತಾನಾಗಿ ಮಂಚದ ಕಂಬಿಯ ಮೇಲೆ ಆಡತೊಡಗಿತು. ಬಸುರಿ ಹೆಂಗಸು ನಕ್ಕಳು. ಅಷ್ಟರಲ್ಲಿ ಪ್ರೊಫೆಸರರು, “ಏನಮ್ಮ, ಇಲ್ಲೂ ನಿಮ್ಮ ಕುಣಿತ ಶುರುವಾಯಿತೋ?” ಎಂದರು. ಇಡೀ ತರಗತಿ ಗೊಳ್ಳೆಂದಿತು.

ಅವಳು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಕೈಗೊಂದು ಗಡಿಯಾರ ಕಟ್ಟಿದಳು. ಒಂದು ಜಾಗದಲ್ಲಿ ಕಾಲು ನಿಮಿಷ ಎಣಿಸು, ನಾಲ್ಕರಿಂದ ಗುಣಿಸು, ಬರೆ. ಎಣಿಕೆ ಎಂದೂ ತಪ್ಪಲಿಲ್ಲ. ಆ ವಿಷಯದಲ್ಲಿ ಕಾಲೇಜಿಗೇ ಮೊದಲಿಗಳಾದಳು. ಆದರೆ ಆ ಬೆರಳುಗಳು ಮತ್ತೆ ಆಡಲಿಲ್ಲ. ನಾನು ಕಾದೆ. ವರ್ಷಗಟ್ಟಲೆ ಕಾದೆ.

ಡಾಕ್ಟರಾಗಿ ತಿರುಗಿ ನಮ್ಮ ಸೀಮೆಗೇ ಬಂದಳು. ಇನ್ನು ಮೇಲೆ ‘ಬಂದರು’ ಎನ್ನಬೇಕು. ಮನಸ್ಸಿನಲ್ಲಿ ಮಾತ್ರ ನನಗೆ ಅವರು ಹಂದಿಮರಿಯ ಎದೆ ಕೇಳಿದ ಹುಡುಗಿಯೇ. ಬಿಳಿ ಕೋಟು ಹಾಕಿ ಕುರ್ಚಿಯಲ್ಲಿ ಕೂತಿದ್ದರೂ ರೋಗಿಗಳು ಬಂದು, “ಡಾಕ್ಟರ್ ಎಲ್ಲಿ ಹೋಗ್ಯಾರ ಬಾಯಿ?” ಎಂದು ಅವರನ್ನೇ ಕೇಳುತ್ತಿದ್ದರು. “ಬರ್ತಾರ, ಕೂಡ್ರಿ” ಎಂದು ಹೇಳಿ, ಒಳಗೆ ಹೋಗಿ ಕೈ ತೊಳೆದು, ಹೊರಗೆ ಬಂದು, “ಬಂದೆ ನೋಡ್ರಿ” ಎನ್ನುತ್ತಿದ್ದರು. ಕಪ್ಪು ಕೈ ಮುಟ್ಟಿದರೆ ಕೂಸು ಕಪ್ಪಾಗುತ್ತದೆಂದು ಎದ್ದುಹೋದವರೂ ಇದ್ದರು. ಅವರೇ ಕಷ್ಟಕ್ಕೆ ಸಿಕ್ಕಿದಾಗ ಚಕ್ಕಡಿ ಕಟ್ಟಿಕೊಂಡು ಮರಳಿ ಬಂದರು. ಹತ್ತು ವರ್ಷದಲ್ಲಿ ಡಾಕ್ಟರ ಹೆಸರು ಕಾಡಿನ ಒಳಗೆ ದನ ಕಾಯುವ ಗೌಳಿಗಳ ದೊಡ್ಡಿಗಳವರೆಗೆ ಹೋಯಿತು.

ಆಸ್ಪತ್ರೆಯ ಮಗ್ಗುಲಲ್ಲಿ ಅವರು ದಾದಿಯರ ಶಾಲೆ ತೆರೆದರು. ಸಿದ್ದಿ ಕೇರಿಯ, ಗೌಳಿ ದೊಡ್ಡಿಯ ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆತಂದರು. ತುಂಬ ಕಟ್ಟುನಿಟ್ಟು. ಸಮವಸ್ತ್ರಕ್ಕೆ ಇಸ್ತ್ರಿ ಇರಬೇಕು, ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿರಬೇಕು, ಕೊಂಕಣಿ ಬೆರಕೆಯ ಮನೆಮಾತು ವಾರ್ಡಿನಲ್ಲಿ ಕೂಡದು. “ನಮ್ಮನ್ನ ಜನ ಎರಡು ಪಟ್ಟು ನೋಡ್ತಾರ. ನಾವು ಒಂದು ತಪ್ಪು ಮಾಡಿದರ ಹತ್ತು ಅಂತ ಎಣಸ್ತಾರ” ಎಂದು ಹೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಆ ಭಯದಲ್ಲಿ ಅವರೇ ಆ ಪ್ರೊಫೆಸರರ ದನಿ ಕಲಿತುಬಿಟ್ಟಿದ್ದರು. ನನಗೆ ಗೊತ್ತಾಗುತ್ತಿತ್ತು. ಕೇಳುವುದೇ ನನ್ನ ಕಸುಬಲ್ಲವೇ?

ಹುಡುಗಿಯರಲ್ಲಿ ರೆಮೇತಿನ್ ಎಂಬವಳೊಬ್ಬಳು. ಹದಿನೆಂಟು ವರ್ಷ, ಸಿದ್ದಿ ಹುಡುಗಿ, ಮಾತು ಕಡಿಮೆ. ಅವಳ ಮನೆಯಲ್ಲೂ ಸೂಲಗಿತ್ತಿ ಅಜ್ಜಿ ಇದ್ದಳೋ ಏನೋ, ನನ್ನನ್ನು ಮೊದಲ ಸಲ ಹಿಡಿದಾಗಲೇ ಅಂಗೈ ಉಜ್ಜಿಕೊಂಡಳು. ಮೂರು ಕಡೆ ಇಟ್ಟಳು. ಅವಳ ಬೆರಳು ಸೀರೆಯ ಮೇಲೆ ಮೆಲ್ಲಗೆ ಆಡಿತು. ಇಪ್ಪತ್ತು ವರ್ಷದ ಮೇಲೆ ಮತ್ತೆ ಆ ಬಾರಿಸುವಿಕೆ ಕಂಡು ನಾನು ಎಷ್ಟು ಹಿಗ್ಗಿದೆ! ದುಲ್ಸಿನಾ ಡಾಕ್ಟರೂ ಕಂಡರು. ಒಂದು ಗಳಿಗೆ ಅವರ ಮುಖ ಅರಳಿದಂತಾಯಿತು. ಆದರೆ ಏನೂ ಹೇಳದೆ ಆಚೆ ನಡೆದರು. ಅಂದೇ ಹೇಳಿದ್ದರೆ! ಅಂದೇ ಅವಳ ಬೆನ್ನು ತಟ್ಟಿದ್ದರೆ ಮುಂದಿನ ಕಥೆ ಬೇರೆಯೇ ಇರುತ್ತಿತ್ತು.

ಶಾಲೆಗೆ ಮಾನ್ಯತೆ ಕೊಡಬೇಕೋ ಬೇಡವೋ ಎಂದು ನೋಡಲು ಪಟ್ಟಣದಿಂದ ನಾಲ್ವರು ಬಂದ ದಿನ. ಮುಂಜಾನೆ ಹತ್ತು ಗಂಟೆ. ಅದೇ ಹೊತ್ತಿಗೆ ಭಾಗೂಬಾಯಿ ಎಂಬ ಗೌಳಿ ಹೆಂಗಸಿಗೆ ಬೇನೆ ಎದ್ದಿತ್ತು. ಆಗ ನಮ್ಮಲ್ಲಿ ಹೊಟ್ಟೆಯೊಳಗೆ ಇಣುಕುವ ಯಂತ್ರಗಳಿರಲಿಲ್ಲ. ಕೈ, ಕಿವಿ, ನಾನು, ಇಷ್ಟೇ. ರೆಮೇತಿನ್ ಮೂರು ಕಡೆ ಕೇಳಿದ್ದಳು. ಬಂದವರನ್ನು ಕರೆದುಕೊಂಡು ದುಲ್ಸಿನಾ ಡಾಕ್ಟರು ಒಳಗೆ ಬಂದಾಗ ಅವಳು ಮಾತಾಡಲು ಹೆದರಿ, ಮಂಚದ ಕಂಬಿಯ ಮೇಲೆ ಎರಡೂ ಕೈಯಿಂದ ಬಾರಿಸಿ ತೋರಿಸಿದಳು. ಎಡಗೈಯದು ಒಂದು ಓಟ, ಬಲಗೈಯದು ಇನ್ನೊಂದು. ಹೊಟ್ಟೆಯಲ್ಲಿ ಎರಡಿವೆ ಎಂದರ್ಥ. ಆ ಕೋಣೆಯಲ್ಲಿ ಅದು ತಿಳಿಯುವುದು ಒಬ್ಬರಿಗೇ.

ಬಂದವರಲ್ಲೊಬ್ಬರು ಮೀಸೆಯಡಿ ನಕ್ಕರು. “ಏನು ಡಾಕ್ಟ್ರೇ, ಸಂಗೀತವೂ ಕಲಿಸುತ್ತೀರಾ?”

ದುಲ್ಸಿನಾ ಡಾಕ್ಟರ ಕಿವಿ ಬಿಸಿಯಾಯಿತು. ನಾನು ಆ ಕಿವಿಗೆ ತಾಗಿಕೊಂಡೇ ಬದುಕಿದವನು, ನನಗೆ ಗೊತ್ತು. ಅವರು ಈ ಕೋಣೆಯಲ್ಲಿ ಇರಲಿಲ್ಲ. ಆ ಹಳೆಯ ವಾರ್ಡಿನಲ್ಲಿ, ಗೊಳ್ಳೆಂದು ನಗುವ ತರಗತಿಯ ಮುಂದೆ ನಿಂತಿದ್ದರು.

“ಕೈ ಕಟ್ಟು ರೆಮೇತಿನ್,” ಎಂದರು. “ಇದು ದವಾಖಾನಿ. ಡಮಾಮಿ ಕುಣ್ಯೂ ಜಾಗಾ ಅಲ್ಲ.”

ರೆಮೇತಿನ್ ಕೈ ಕಟ್ಟಿದಳು. ಡಾಕ್ಟರು ನನ್ನನ್ನೆತ್ತಿ ಹೊಕ್ಕುಳ ಕೆಳಗೆ ಎಡಕ್ಕೆ ಒಂದೇ ಕಡೆ ಇಟ್ಟರು. ಗಡಿಯಾರ ನೋಡಿದರು. ಕಾಲು ನಿಮಿಷಕ್ಕೆ ಮೂವತ್ತೈದು, ನಿಮಿಷಕ್ಕೆ ನೂರಾ ನಲವತ್ತು. ಚೆನ್ನಾಗಿದೆ ಎಂದು ಬರೆದರು. ನನ್ನ ಅಂಚಿಗೆ, ಬಲು ದೂರದಿಂದ, ಇನ್ನೊಂದು ಸಣ್ಣ ಸದ್ದು ಸವರಿದ ಹಾಗಾಯಿತು. ನಾಲ್ಕು ಬೆರಳು ಆಚೆ ಸರಿಸಿದ್ದರೆ ಕೇಳುತ್ತಿತ್ತು. ಸರಿಸಲಿಲ್ಲ. ನನಗೆ ಕೇಳಲು ಬರುತ್ತದೆ, ಹೇಳಲು ಬರುವುದಿಲ್ಲ. ಇದಕ್ಕಿಂತ ಕೆಟ್ಟ ಹಣೆಬರಹ ಯಾವ ಮರಕ್ಕೂ ಬೇಡ.

ಕೂಸು ಬಂತು, ಹೆಣ್ಣು. ಭುಜ ಹೊರಬಂದ ಕೂಡಲೇ ತಾಯಿಗೆ ರಕ್ತ ಹೋಗದಿರಲೆಂದು ಸೂಜಿ ಕೊಡುವುದು ಆಗಿನ ಪದ್ಧತಿ. ಆ ಔಷಧಿಗೆ ಗರ್ಭಕೋಶ ಮುಷ್ಟಿ ಹಿಡಿದ ಹಾಗೆ ಬಿಗಿಯುತ್ತದೆ. ಒಂದೇ ಕೂಸಿದ್ದರೆ ಅದು ಜೀವ ಉಳಿಸುವ ಸೂಜಿ. ಒಳಗೆ ಇನ್ನೊಂದು ಉಳಿದಿದ್ದರೆ ಅದರ ಉಸಿರಿಗೆ ದಾರಿಯಿಲ್ಲ. ಸೂಜಿ ಕೊಟ್ಟಾದ ಮೇಲೆ ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟರು. ಹೊಟ್ಟೆ ಇಳಿದಿರಲಿಲ್ಲ.

ತಲೆಯೆತ್ತಿ ರೆಮೇತಿನ್‌ಳನ್ನು ನೋಡಿದರು. ಅವಳು ಕೈ ಕಟ್ಟಿಕೊಂಡೇ ನಿಂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ಎರಡನೆಯದು ಗಂಡು. ಬರುವಷ್ಟರಲ್ಲಿ ಬಡಿತ ನಿಂತಿತ್ತು. ಡಾಕ್ಟರು ನನ್ನನ್ನು ಆ ಪುಟ್ಟ ಎದೆಯ ಮೇಲೆ ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಮತ್ತೊಂದು ಕಡೆ ಇಟ್ಟರು. ಅಂದು ಮೂರು ಕಡೆ ಕೇಳಿದರು.

ಭಾಗೂಬಾಯಿ ಉಳಿದಳು, ಹೆಣ್ಣುಕೂಸೂ ಉಳಿಯಿತು. ಅವಳ ಮುಂದೆ ಕೂತು, ತಪ್ಪು ನನ್ನದು ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದರು. ಬಂದ ನಾಲ್ವರ ಮುಂದೆಯೂ ಹೇಳಿ, ಹಾಗೆಯೇ ಬರೆದು ಸಹಿ ಹಾಕಿದರು. ಮಾನ್ಯತೆ ಸಿಕ್ಕಿತು. ಆ ಕಾಗದವನ್ನು ಅವರು ಗೋಡೆಗೆ ಹಾಕಲಿಲ್ಲ. ಹೇಳಬೇಕಾಗಿದ್ದ ಇನ್ನೊಬ್ಬಳು ಅಷ್ಟರಲ್ಲಿ ಹೋಗಿದ್ದಳು. ಮರುದಿನ ಮುಂಜಾನೆ ರೆಮೇತಿನ್‌ಳ ಹಾಸಿಗೆಯ ಮೇಲೆ ಮಡಚಿಟ್ಟ ಸಮವಸ್ತ್ರ ಮಾತ್ರ ಇತ್ತು.

ಅವಳನ್ನು ಕರೆತರಲು ಡಾಕ್ಟರು ಮೂರು ಸಲ ಹೋದರು. ಮೂರು ಸಲವೂ ಚೀಲದಲ್ಲಿ ನಾನಿದ್ದೆ. ನನ್ನನ್ನು ಅವಳ ಕೈಗೇ ಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತು. ಬಸ್ಸಿನುದ್ದಕ್ಕೂ ಬಾಯಲ್ಲೇ ಮಾತು ಕಟ್ಟುತ್ತಿದ್ದರು. “ಮಗಾ, ನೀ ಕೇಳಿದ್ದು ಖರೆ. ನಾ ಕಿವುಡಿ ಆದೆ. ಬಾ, ನಂಗೂ ಆ ಹುಡುಗ್ಯಾರಿಗೂ ಮತ್ತ ಕಲಸು.” ಮೊದಲ ಸಲ ಅವಳ ತಾಯಿ, ಮಗಳು ಗೋವೆಗೆ ಕೆಲಸಕ್ಕೆ ಹೋದಳು ಎಂದಳು. ಎರಡನೆಯ ಸಲ ನೆರೆಯವಳು, ಕಟ್ಟಿಗೆಗೆ ಹೋಗಿದ್ದಾಳೆ ಎಂದಳು. ಮೂರನೆಯ ಸಲ ಬಾಗಿಲು ಮುಚ್ಚಿತ್ತು. ಡಾಕ್ಟರು ಬಡಿದರು. ಚೀಲವನ್ನು ಬಾಗಿಲಿಗೆ ಒರಗಿಸಿ, ಹೊಸ್ತಿಲ ಬಳಿ ಕೂತು, “ರೆಮೇತಿನ್” ಎಂದು ಎರಡು ಸಲ ಕರೆದರು.

ಬಾಗಿಲು ಸಾಗುವಾನಿಯದು, ನನ್ನ ಜಾತಿಯದೇ. ಹಲಗೆಯ ಆಚೆ ಒಂದು ಎದೆ ಹೊಡೆದುಕೊಳ್ಳುತ್ತಿತ್ತು. ನನಗೆ ಕೇಳಿತು. ಸ್ಪಷ್ಟವಾಗಿ ಕೇಳಿತು. ಅವಳು ಬಾಗಿಲಿಗೆ ಬೆನ್ನು ಹಚ್ಚಿ ಒಳಗೆ ನಿಂತಿದ್ದಳು. ಇವರಿಬ್ಬರ ನಡುವೆ ಎರಡು ಬೆರಳು ದಪ್ಪದ ಹಲಗೆ, ಮತ್ತು ಬಾಯಿಲ್ಲದ ನಾನು.

ಡಾಕ್ಟರು ಎದ್ದರು. ಕಟ್ಟಿಕೊಂಡು ಬಂದಿದ್ದ ಮಾತು ಬಂದ ಬಸ್ಸಿನಲ್ಲೇ ಮರಳಿ ಹೋಯಿತು.

ಆಮೇಲೆ ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ಮೊದಲ ಪಾಠವಾಗಿ ಅವರು ಆ ದಿನದ ಕಥೆ ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಮೂರು ಕಡೆ ಕೇಳುವುದನ್ನು, ಬೆರಳಿನಿಂದ ಬಾರಿಸಿ ತಾಯಿಗೆ ತೋರಿಸುವುದನ್ನು ಕಲಿಸಿದರು. ಮೊದಲ ಸಲ ಬಾರಿಸುವಾಗ ಅವರ ಬೆರಳು ತಡವರಿಸಿತು, ಆಮೇಲೆ ಓಟ ಹಿಡಿಯಿತು. ನಾನು ಅಷ್ಟು ವರ್ಷ ಕಾದಿದ್ದೆನಲ್ಲ, ಅದು ಬಂತು. ಬರುವಾಗ ಎಂಥ ಬೆಲೆ ತೆಗೆದುಕೊಂಡು ಬಂತು! ಎಪ್ಪತ್ತೈದರ ಹತ್ತಿರ ಬಂದ ಮೇಲೂ ಅವರು ಬಾಗಿಲ ಸದ್ದಾದರೆ ತಲೆಯೆತ್ತಿ, “ರೆಮೇತಿನ್ ಏನು ನೋಡ್ರಿ” ಎನ್ನುತ್ತಿದ್ದರು. ಕಣ್ಣು ಮುಚ್ಚಿದ ದಿನವೂ ಹಾಗೆಯೇ ಕೇಳಿ ಹೋದರು.

ಈಗ ನಾನು ಆಸ್ಪತ್ರೆಯ ಪಡಸಾಲೆಯಲ್ಲಿ, ಗಾಜಿನ ಕಪಾಟಿನಲ್ಲಿದ್ದೇನೆ. ಕೆಳಗೊಂದು ಚೀಟಿ: ‘ಡಾ. ದುಲ್ಸಿನಾ ಅವರ ಒಂದು ಸಲವೂ ತಪ್ಪದ ಕಿವಿ.’ ಬರೆದವರು ಪುಣ್ಯಾತ್ಮರು, ಪ್ರೀತಿಯಿಂದಲೇ ಬರೆದಿದ್ದಾರೆ. ಡಾಕ್ಟರಿದ್ದಿದ್ದರೆ ಹರಿದು ಬಿಸಾಡುತ್ತಿದ್ದರು. ಬದುಕಿನ ಅರ್ಧಭಾಗ ಹೇಳಿಕೊಂಡು ಬಂದ ತಪ್ಪನ್ನು ಒಂದು ಸಾಲು ಅಳಿಸಿಬಿಟ್ಟಿತಲ್ಲ ಎಂದು ನನಗೆ ದಿನವೂ ಸಂಕಟ.

ಹೋದ ವಾರ ಒಬ್ಬ ಸಿದ್ದಿ ಹೆಂಗಸು ಬಸುರಿ ಸೊಸೆಯನ್ನು ಕರೆದುಕೊಂಡು ಬಂದಳು. ಐವತ್ತು ದಾಟಿದ ವಯಸ್ಸು, ಗುಂಗುರು ಕೂದಲು ಬೆಳ್ಳಗಾಗಿತ್ತು. ಒಳಗೆ ಮಂಚ ಖಾಲಿಯಿಲ್ಲದ್ದಕ್ಕೆ ನನ್ನ ಕಪಾಟಿನ ಎದುರಿನ ಬೆಂಚಿನಲ್ಲೇ ಸೊಸೆಯನ್ನು ಮಲಗಿಸಿ, ಪರದೆ ಎಳೆದರು. ಬಡಿತ ಕೇಳುವ ಯಂತ್ರದ ಬ್ಯಾಟರಿ ಹೋಗಿತ್ತು. ತರಬೇತಿಯ ಹುಡುಗಿಯೊಬ್ಬಳು ನನ್ನ ವಂಶದ ಅಲ್ಯೂಮಿನಿಯಂ ಕೊಳವೆ ತಂದು, ಅಂಗೈ ಉಜ್ಜಿಕೊಂಡು, ಮೂರು ಕಡೆ ಕೇಳಿ, ಬೆಂಚಿನ ಮೇಲೆ ಬೆರಳಿನಿಂದ ಬಾರಿಸಿದಳು. “ನೋಡ್ರಿ ಅಕ್ಕಾ, ನಿಮ್ಮ ಪಾಪು ಹಿಂಗ ಓಡಾಕತ್ತೈತಿ.”

ಅತ್ತೆ ಪರದೆ ಹಿಡಿದುಕೊಂಡು ನಿಂತುಬಿಟ್ಟಳು. “ಇದನ್ನ ಯಾರು ಕಲಿಸಿದ್ರು ನಿಂಗ?”

“ನಮ್ಮ ಮೇಡಂ. ಅವರಿಗೆ ದುಲ್ಸಿನಾ ಡಾಕ್ಟರು. ಇದಕ್ಕ ರೆಮೇತಿನ್ ಪಾಠ ಅಂತಾರ್ರಿ. ಇಲ್ಲಿ ಎಲ್ಲಾರೂ ಮೊದಲು ಇದನ್ನಽ ಕಲೀಬೇಕು.”

“ಏನು ಪಾಠ?”

“ರೆಮೇತಿನ್ ಅಂತ ಒಬ್ಬಾಕಿ ಇದ್ಲಂತ್ರಿ. ಅಕಿಗೆ ಖರೇನ ಕೇಳಿಸಿತ್ತಂತ, ಡಾಕ್ಟರಽ ಕೇಳಲಿಲ್ಲಂತ. ತಪ್ಪಾತು ಅಂತ ಹೇಳಾಕ ಮೂರು ಸಲ ಅಕಿ ಮನೀಗಿ ಹೋಗಿದ್ರಂತ. ಮನ್ಯಾಗ ಯಾರೂ ಇರಲಿಲ್ಲಂತ್ರಿ.”

ಹೆಂಗಸು ಹಿಡಿದಿದ್ದ ಪರದೆ ಬಿಟ್ಟಳು.

“ಇದ್ಲು,” ಎಂದಳು. “ಒಳಗಽ ಇದ್ಲು. ಬೈಯಾಕ ಬಂದಾರ ಅಂತ ತಿಳ್ಕೊಂಡಿದ್ಲು.”

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಚೀಟಿ ಬರೆದು ಸೊಸೆಯನ್ನು ಒಳಗೆ ಕರೆದುಕೊಂಡು ಹೋದಳು. ರೆಮೇತಿನ್ ನನ್ನ ಮುಂದೆ ಬಂದು ನಿಂತಳು. ನನ್ನ ಕೆಳಗಿನ ಚೀಟಿ ಓದಿದಳು. ಆಮೇಲೆ ಎರಡೂ ಕೈಯ ಬೆರಳುಗಳಿಂದ ಗಾಜಿನ ಮೇಲೆ ಮೆಲ್ಲಗೆ ಬಾರಿಸಿದಳು, ಎಡಗೈಯದು ಒಂದು ಓಟ, ಬಲಗೈಯದು ಇನ್ನೊಂದು. ಭಾಗೂಬಾಯಿಯ ಹೊಟ್ಟೆಯಲ್ಲಿ ಕೇಳಿದ್ದ ಅದೇ ಎರಡು ಬಡಿತ. ಇಷ್ಟು ವರ್ಷ ಅವನ್ನು ಬೆರಳಲ್ಲೇ ಇಟ್ಟುಕೊಂಡಿದ್ದಳು.

ಅವಳು ಗಾಜನ್ನು ಮೂರು ಕಡೆ ತಟ್ಟಿದಳು. ನಾನು ಒಳಗೇ ಇದ್ದೆ.